ಇಂಟಿಗ್ರೇಷನ್ ಪಾಠ ಆವಕ–ಜಾವಕ ವಹಿಯಿಂದ ಆರಂಭವಾಗಲಿ

ಸಂಪಾದಕರಿಗೆ,

ಮಾನ್ಯರೇ,

ತಂತ್ರಾಂಶ ಕ್ಷೇತ್ರಕ್ಕೆ ಬರಬಯಸುವವರು ಏನು ಕಲಿಯಬೇಕು, ಎಲ್ಲಿಂದ ಆರಂಭಿಸಬೇಕು ಎಂಬ ಬಗ್ಗೆ ನಿಮ್ಮ ಪತ್ರಿಕೆಯ ಶಿಕ್ಷಣ ಪುಟಗಳಲ್ಲಿ ಬರುವ ಬರಹಗಳನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬ. ಪ್ರೋಗ್ರಾಮಿಂಗ್ ಭಾಷೆಗಳಿಗೆ, ದತ್ತಾಂಶ ವಿಶ್ಲೇಷಣೆಗೆ, ಕೃತಕ ಬುದ್ಧಿಮತ್ತೆಗೆ ಅಲ್ಲಿ ಸಾಕಷ್ಟು ಜಾಗ ಸಿಗುತ್ತಿದೆ. ಆದರೆ ಒಂದೇ ಸಂಸ್ಥೆಯೊಳಗಿನ ಹತ್ತಾರು ತಂತ್ರಾಂಶಗಳು ಪರಸ್ಪರ ಮಾತನಾಡುವಂತೆ ಮಾಡುವ, ಒಂದು ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸರಿಯಾದ ಕ್ರಮದಲ್ಲಿ ಸಾಗುವಂತೆ ನೋಡಿಕೊಳ್ಳುವ ವಿದ್ಯೆಗೆ ಒಂದು ಮೂಲೆಯೂ ಸಿಕ್ಕಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಪುಸ್ತಕದ ಭಾಷೆಯಲ್ಲಿ ಇದನ್ನು ಎಂಟರ್‌ಪ್ರೈಸ್ ಅಪ್ಲಿಕೇಶನ್ ಇಂಟಿಗ್ರೇಷನ್ ಮತ್ತು ವರ್ಕ್‌ಫ್ಲೋ ಎನ್ನುತ್ತಾರೆ. ಕೆಲಸ ಮಾಡುವ ನಾವು ಬರೀ ಇಂಟಿಗ್ರೇಷನ್ ಎನ್ನುತ್ತೇವೆ. ಹಲವು ವರ್ಷ ಈ ಕೆಲಸ ಮಾಡಿ, ಈಚೆಗೆ ಹೊಸಬರಿಗೆ ಇದನ್ನೇ ಕಲಿಸುತ್ತಿರುವ ನನ್ನ ತಕರಾರು ಒಂದೇ: ಈ ವಿದ್ಯೆಯನ್ನು ನಾವು ತಪ್ಪು ತುದಿಯಿಂದ ಕಲಿಸುತ್ತಿದ್ದೇವೆ.

ಕೆಲಸದ ಸ್ವರೂಪವನ್ನು ಮೊದಲು ಹೇಳಿಬಿಡುತ್ತೇನೆ. ಯಾವುದೇ ದೊಡ್ಡ ಸಂಸ್ಥೆಯಲ್ಲಿ ಮಾರಾಟಕ್ಕೊಂದು, ಉಗ್ರಾಣಕ್ಕೊಂದು, ಲೆಕ್ಕಪತ್ರಕ್ಕೊಂದು, ಸಂಬಳಕ್ಕೊಂದು ಎಂದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ತಯಾರಕರಿಂದ ಬಂದ ತಂತ್ರಾಂಶಗಳಿರುತ್ತವೆ. ಒಬ್ಬನೇ ಗ್ರಾಹಕ ಒಂದರಲ್ಲಿ ಖಾತೆ ಸಂಖ್ಯೆಯಾಗಿ, ಇನ್ನೊಂದರಲ್ಲಿ ಫೋನ್ ನಂಬರ್ ಆಗಿ, ಮತ್ತೊಂದರಲ್ಲಿ ಹೆಸರು–ವಿಳಾಸವಾಗಿ ಕುಳಿತಿರುತ್ತಾನೆ. ಪ್ರತಿಯೊಂದನ್ನೂ ಉಳಿದ ಪ್ರತಿಯೊಂದಕ್ಕೂ ನೇರವಾಗಿ ಜೋಡಿಸಲು ಹೊರಟರೆ 10 ತಂತ್ರಾಂಶಗಳಿಗೆ 45 ಜೋಡಣೆಗಳಾಗುತ್ತವೆ. ತಂತ್ರಾಂಶಗಳು 20 ಆದರೆ ಜೋಡಣೆಗಳು 190ಕ್ಕೆ ಏರುತ್ತವೆ. ಆ 10 ತಂತ್ರಾಂಶಗಳ ನಡುವೆ ಒಂದರ ದತ್ತಾಂಶವನ್ನು ಇನ್ನೊಂದರ ರೂಪಕ್ಕೆ ತರುವ, ಎರಡೂ ದಿಕ್ಕಿನ ರೂಪಾಂತರಗಳನ್ನು ಬರೆಯಲು ಕುಳಿತರೆ 90 ಬರೆಯಬೇಕು. ನಡುವೆ ಎಲ್ಲರೂ ಒಪ್ಪಿದ ಒಂದು ಸಾಮಾನ್ಯ ರೂಪವನ್ನು ಇಟ್ಟುಕೊಂಡರೆ ಪ್ರತಿಯೊಂದಕ್ಕೂ ಒಳಬರುವುದೊಂದು, ಹೊರಹೋಗುವುದೊಂದು ಎಂದು 20ರಲ್ಲಿ ಮುಗಿಯುತ್ತದೆ. ಲೆಕ್ಕ ಕೇಳಲು ಚೆನ್ನಾಗಿದೆ. ಆದರೆ ಎಲ್ಲ ವಿಭಾಗಗಳೂ ಒಪ್ಪುವ ಆ ಸಾಮಾನ್ಯ ರೂಪ ಯಾವುದು ಎಂಬ ಸಭೆಗಳೇ ತಿಂಗಳುಗಟ್ಟಲೆ ನಡೆದು, ಕೊನೆಗೆ ಯಾರಿಗೂ ಬೇಡದ ನೂರಾರು ಕಾಲಂಗಳ ಒಂದು ರೂಪ ಹುಟ್ಟುವುದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ.

ಈ ಸಮಸ್ಯೆಯೇನೂ ಹೊಸದಲ್ಲ. ವ್ಯಾಪಾರದ ಕಾಗದಪತ್ರಗಳನ್ನು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಳುಹಿಸಲು ಒಂದು ಮಾನಕ ರೂಪಿಸುವ ಎಕ್ಸ್12 ಸಮಿತಿ ಅಮೆರಿಕದಲ್ಲಿ 1979ರಲ್ಲೇ ರಚನೆಯಾಗಿತ್ತು. ಸಂದೇಶಗಳನ್ನು ಸರದಿಯಲ್ಲಿಟ್ಟು ತಲುಪಿಸುವ ಐಬಿಎಂನ ಎಂಕ್ಯೂಸೀರೀಸ್ 1993ರಲ್ಲಿ ಬಂತು. ಎಕ್ಸ್‌ಎಂಎಲ್, ಅಂದರೆ ದತ್ತಾಂಶವನ್ನು ಹೆಸರಿನ ಟ್ಯಾಗುಗಳ ನಡುವೆ ಬರೆದಿಡುವ ಪದ್ಧತಿ, 1998ರ ಫೆಬ್ರುವರಿಯಲ್ಲಿ ಮಾನಕವಾಯಿತು. ಮೈಕ್ರೋಸಾಫ್ಟ್‌ನ ಬಿಜ್‌ಟಾಕ್ ಸರ್ವರ್ ಎಂಬ ಜೋಡಣೆಯ ಉಪಕರಣ 2000ದ ಕೊನೆಯಲ್ಲಿ ಹೊರಬಂದು, 2004ರ ಆವೃತ್ತಿಯಲ್ಲಿ ಡಾಟ್‌ನೆಟ್ ಎಂಬ ಅದೇ ಕಂಪನಿಯ ತಂತ್ರಾಂಶ ವೇದಿಕೆಯ ಮೇಲೆ ಹೊಸದಾಗಿ ಕಟ್ಟಲ್ಪಟ್ಟಿತು. ಆಮೇಲೆ ಇದೇ ಜೋಡಣೆಯ ಕೆಲಸದ ಅಪಾಚೆ ಕ್ಯಾಮೆಲ್ ಬಂತು, ಸಂದೇಶಗಳ ಹರಿವನ್ನು ಸಾಗಿಸುವ ಕಾಫ್ಕಾ ಬಂತು, ಈಗ ಬ್ರೌಸರಿನಲ್ಲೇ ಡಬ್ಬಿಗಳನ್ನು ಎಳೆದು ಜೋಡಿಸುವ ಕ್ಲೌಡ್ ಸೇವೆಗಳಿವೆ. ಉಪಕರಣಗಳು ಇಷ್ಟೊಂದು ಬದಲಾದರೂ ಈ ಕೆಲಸದವರ ನಿದ್ದೆ ಕೆಡಿಸುವ ಪ್ರಶ್ನೆಗಳು ಮಾತ್ರ ಇದ್ದಲ್ಲೇ ಇವೆ: ಕಳುಹಿಸಿದ್ದು ತಲುಪದಿದ್ದರೆ? ಎರಡು ಸಲ ತಲುಪಿದರೆ? ನಾಳೆ ತಲುಪಬೇಕಾದದ್ದು ಇಂದೇ ತಲುಪಿದರೆ? ಅರ್ಧ ಕೆಲಸವಾಗಿ ನಿಂತುಹೋದರೆ?

ತರಬೇತಿ ಕೇಂದ್ರಗಳಲ್ಲಿ, ವೀಡಿಯೊ ಪಾಠಗಳಲ್ಲಿ ಈ ಪ್ರಶ್ನೆಗಳು ಕೊನೆಯ ದಿನಕ್ಕೆ, ಅದೂ ಸಮಯ ಉಳಿದರೆ ಬರುತ್ತವೆ. ಮೊದಲ ದಿನ ವಿದ್ಯಾರ್ಥಿ ಡಿಸೈನರ್, ಅಂದರೆ ಜೋಡಣೆಯನ್ನು ಪರದೆಯ ಮೇಲೆ ಚಿತ್ರವಾಗಿ ಕಟ್ಟುವ ಸಾಧನ, ತೆರೆಯುತ್ತಾನೆ. ಒಂದು ಫೋಲ್ಡರಿನಲ್ಲಿಟ್ಟ ಫೈಲನ್ನು ಎತ್ತಿ ಇನ್ನೊಂದು ಫೋಲ್ಡರಿಗೆ ಹಾಕುವ ಪೋರ್ಟುಗಳನ್ನು, ಅಂದರೆ ಒಳಬರುವ–ಹೊರಹೋಗುವ ಬಾಗಿಲುಗಳನ್ನು, ರಚಿಸುತ್ತಾನೆ. ಎಡಗಡೆಯ ಸ್ಕೀಮಾದಿಂದ (ದತ್ತಾಂಶದಲ್ಲಿ ಯಾವ ಯಾವ ಕಾಲಂಗಳಿವೆ ಎಂಬ ವಿವರಣೆ) ಬಲಗಡೆಯ ಸ್ಕೀಮಾಕ್ಕೆ ಗೆರೆ ಎಳೆಯುತ್ತಾನೆ. ಫೈಲ್ ಈ ಕಡೆ ಮಾಯವಾಗಿ ಆ ಕಡೆ ಹೊಸ ರೂಪದಲ್ಲಿ ಕಾಣಿಸಿಕೊಂಡಾಗ ಹಿಗ್ಗುತ್ತಾನೆ. ಹಿಗ್ಗಬೇಕಾದದ್ದೇ, ಅದರಲ್ಲಿ ತಪ್ಪಿಲ್ಲ. ಆದರೆ ಆತ ನೋಡಿದ್ದು ನೆಟ್‌ವರ್ಕ್ ಕೆಡದ, ಡಿಸ್ಕ್ ತುಂಬದ, ಎದುರು ತುದಿಯ ಸರ್ವರ್ ಎಂದೂ ನಿಲ್ಲದ ಲೋಕವನ್ನು. ಕೆಲಸಕ್ಕೆ ಸೇರಿದ ಮೇಲೆ ಆತನಿಗೆ ಎದುರಾಗುವ ಲೋಕ ಅದಲ್ಲ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಾರಾಟದ ತಂತ್ರಾಂಶದಿಂದ ಉಗ್ರಾಣದ ತಂತ್ರಾಂಶಕ್ಕೆ ಬೇಡಿಕೆಗಳನ್ನು ಕಳುಹಿಸುವ ಒಂದು ಜೋಡಣೆಯನ್ನು ಬರೆದಿದ್ದೆ. 30 ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಮತ್ತೊಮ್ಮೆ ಕಳುಹಿಸು ಎಂದು ಬರೆದು, ಬಹಳ ಮುಂಜಾಗ್ರತೆ ವಹಿಸಿದೆನೆಂದು ಬೀಗಿದ್ದೆ. ತಿಂಗಳ ಕೊನೆಯ ದಿನ ಉಗ್ರಾಣದ ಡೇಟಾಬೇಸ್ ನಿಧಾನವಾಗಿತ್ತು. ಬೇಡಿಕೆಯನ್ನು ಅದು ದಾಖಲಿಸಿಕೊಂಡಿತ್ತು, ಆದರೆ ‘ಆಯಿತು’ ಎಂದು ಹೇಳಲು 40 ಸೆಕೆಂಡು ತೆಗೆದುಕೊಂಡಿತು. ಅಷ್ಟರಲ್ಲಿ ನನ್ನ ಪ್ರೋಗ್ರಾಂ ಅದೇ ಬೇಡಿಕೆಯನ್ನು ಇನ್ನೊಮ್ಮೆ ಕಳುಹಿಸಿಯಾಗಿತ್ತು. ಒಂದು ಬೇಡಿಕೆಗೆ ಎರಡು ಸಲ ಸರಕು ಹೊರಟಿತು. ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ಲಾಗ್ ತೆಗೆದು ನೋಡಿದರೆ ಎಲ್ಲಿಯೂ ದೋಷವಿಲ್ಲ. ಮೊದಲ ಸಾಲಿನಲ್ಲಿ ಟೈಮ್‌ಔಟ್, ಎರಡನೆಯದರಲ್ಲಿ ಮರುಪ್ರಯತ್ನ, ಮೂರನೆಯದರಲ್ಲಿ ಯಶಸ್ವಿ ಎಂದಿತ್ತು. ಯಶಸ್ವಿ ಎಂಬ ಆ ಪದವನ್ನು ಗಂಟೆಗಟ್ಟಲೆ ದಿಟ್ಟಿಸಿ ಕುಳಿತಿದ್ದು ಇಂದಿಗೂ ನೆನಪಿದೆ.

ಕಳುಹಿಸಿದವನಿಗೆ ಉತ್ತರ ಬಾರದಿದ್ದಾಗ ಮೂರು ಸಾಧ್ಯತೆಗಳಿರುತ್ತವೆ: ಕೋರಿಕೆ ತಲುಪಲೇ ಇಲ್ಲ, ತಲುಪಿ ಕೆಲಸವೂ ಆಗಿ ಉತ್ತರ ಕಳೆದುಹೋಯಿತು, ಅಥವಾ ಕೆಲಸ ಇನ್ನೂ ನಡೆಯುತ್ತಿದೆ. ಈ ಕಡೆ ಕುಳಿತವನಿಗೆ ಮೂರೂ ಒಂದೇ ಬಗೆಯ ಮೌನವಾಗಿ ಕಾಣುತ್ತವೆ. ಕಣಿವೆಯ ಆಚೀಚೆ ಬೀಡುಬಿಟ್ಟ ಇಬ್ಬರು ಸೇನಾಪತಿಗಳು ದಾರಿಯಲ್ಲಿ ಸೆರೆಸಿಕ್ಕಬಹುದಾದ ದೂತರ ಮೂಲಕ ದಾಳಿಯ ಸಮಯವನ್ನು ನಿಶ್ಚಯಿಸಲು ಹೆಣಗುವ ಒಗಟೊಂದಿದೆ. ಡೇಟಾಬೇಸ್ ವಿಜ್ಞಾನಿ ಜಿಮ್ ಗ್ರೇ 1978ರಲ್ಲಿ ಇದಕ್ಕೆ ಸೇನಾಪತಿಗಳ ಹೆಸರಿಟ್ಟರು. ಎಷ್ಟು ದೂತರನ್ನು ಅಟ್ಟಿದರೂ, ಕೊನೆಯ ದೂತ ತಲುಪಿದನೇ ಎಂಬ ಸಂಶಯ ಇಬ್ಬರಲ್ಲಿ ಒಬ್ಬನಿಗೆ ಉಳಿದೇ ಉಳಿಯುತ್ತದೆ. ಇದು ಪ್ರೋಗ್ರಾಮರನ ಸೋಮಾರಿತನದಿಂದ ಹುಟ್ಟಿದ ಕೊರತೆಯಲ್ಲ, ಯಾವ ಉಪಕರಣವೂ ನೀಗಲಾಗದ ಮಿತಿ. ಕಲಿಯುವವನಿಗೆ ಈ ಮಾತನ್ನು ಮೊದಲ ವಾರದಲ್ಲೇ ಹೇಳಿದರೆ, ಖಚಿತತೆಯ ಹಿಂದೆ ಓಡುವುದನ್ನು ಬಿಟ್ಟು, ಎರಡು ಸಲ ಬಂದರೂ ಒಂದೇ ಸಲ ಕೆಲಸವಾಗುವಂತೆ ಕಟ್ಟುವುದು ಹೇಗೆ ಎಂದು ಯೋಚಿಸತೊಡಗುತ್ತಾನೆ.

ವಿಚಿತ್ರವೆಂದರೆ, ಇದಕ್ಕೆ ಉತ್ತರವನ್ನು ಕಚೇರಿಯ ಗುಮಾಸ್ತರು ಕಂಪ್ಯೂಟರ್ ಬರುವ ಮೊದಲೇ ಕಂಡುಕೊಂಡಿದ್ದರು. ಬಂದ ಟಪಾಲಿಗೆಲ್ಲ ಆವಕ ವಹಿಯಲ್ಲಿ ಸಂಖ್ಯೆ, ಹೋದದ್ದಕ್ಕೆಲ್ಲ ಜಾವಕ ವಹಿಯಲ್ಲಿ ಸಂಖ್ಯೆ. ಅದೇ ಪತ್ರದ ಇನ್ನೊಂದು ಪ್ರತಿ ಬಂದರೆ ಗುಮಾಸ್ತ ಹೊಸ ಕಡತ ತೆರೆಯುವುದಿಲ್ಲ. ಕಳುಹಿಸಿದವರ ಪತ್ರಸಂಖ್ಯೆಯನ್ನು ವಹಿಯಲ್ಲಿ ಹುಡುಕಿ, ಇದು ಆಗಲೇ ಬಂದಿದೆ ಎಂದು ಹಳೆಯ ಕಡತಕ್ಕೇ ಸೇರಿಸುತ್ತಾನೆ. ಇಂದು ನಾವು ಇನ್‌ಬಾಕ್ಸ್ ವಿಧಾನ, ಔಟ್‌ಬಾಕ್ಸ್ ವಿಧಾನ ಎಂದು ಗಂಭೀರವಾಗಿ ಕಲಿಸುವುದು ಈ ಎರಡು ವಹಿಗಳನ್ನೇ. ಬೇಡಿಕೆಯನ್ನು ಡೇಟಾಬೇಸಿನಲ್ಲಿ ಉಳಿಸುವಾಗಲೇ, ಅದೇ ವ್ಯವಹಾರದೊಳಗೆ (ಟ್ರಾನ್ಸಾಕ್ಷನ್: ಆದರೆ ಎಲ್ಲವೂ ಆಗಬೇಕು, ಇಲ್ಲವಾದರೆ ಯಾವುದೂ ಆಗಬಾರದು), ‘ಇದನ್ನು ಉಗ್ರಾಣಕ್ಕೆ ಕಳುಹಿಸಬೇಕಾಗಿದೆ’ ಎಂಬ ಸಾಲನ್ನೂ ಜಾವಕ ಟೇಬಲ್ಲಿನಲ್ಲಿ ಬರೆದಿಡಬೇಕು. ಇನ್ನೊಂದು ಪ್ರೋಗ್ರಾಂ ಆ ಟೇಬಲ್ಲನ್ನು ಓದಿ ಕಳುಹಿಸುತ್ತಾ ಹೋಗಬೇಕು. ಬೇಡಿಕೆ ಉಳಿದು ಸಂದೇಶ ಹೋಗದಿರುವ, ಅಥವಾ ಸಂದೇಶ ಹೋಗಿ ಬೇಡಿಕೆ ಉಳಿಯದಿರುವ ಪೇಚು ಆಗ ಇರುವುದಿಲ್ಲ. ಪಡೆಯುವ ತುದಿಯಲ್ಲಿ, ಬಂದ ಸಂದೇಶದ ಸಂಖ್ಯೆಯನ್ನು ಆವಕ ಟೇಬಲ್ಲಿನಲ್ಲಿ ದಾಖಲಿಸುವುದೂ ನಿಜವಾದ ಕೆಲಸ ಮಾಡುವುದೂ ಒಂದೇ ವ್ಯವಹಾರದಲ್ಲಿ ಮುಗಿಯಬೇಕು. ಸಂಖ್ಯೆ ಬರೆದು ಕೆಲಸಕ್ಕೆ ಕೈಹಾಕುವ ಮೊದಲೇ ಸರ್ವರ್ ಸತ್ತರೆ ಸಂದೇಶ ಕಳೆದುಹೋದಂತೆ. ಕೆಲಸ ಮುಗಿಸಿ ಸಂಖ್ಯೆ ಬರೆಯುವ ಮೊದಲು ಸತ್ತರೆ ಮತ್ತದೇ ಎರಡು ಸಲದ ಕತೆ.

ಇಲ್ಲಿ ಹೊಸಬರು ಬಹುತೇಕ ತಪ್ಪದೇ ಮಾಡುವ ಒಂದು ತಪ್ಪಿದೆ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಬೇಕು ಎಂದೊಡನೆ, ಕಳುಹಿಸುವ ಕ್ಷಣದಲ್ಲಿ ಒಂದು ಹೊಸ ಗುರುತನ್ನು ಹುಟ್ಟಿಸುವ ಸಾಲನ್ನು ಬರೆಯುತ್ತಾರೆ. ಆ ಸಾಲು ಮರುಪ್ರಯತ್ನದ ಲೂಪಿನೊಳಗೆ, ಅಂದರೆ ಮತ್ತೆ ಮತ್ತೆ ನಡೆಯುವ ಭಾಗದೊಳಗೆ, ಕುಳಿತಿರುತ್ತದೆ. ಪರಿಣಾಮವಾಗಿ ಪ್ರತಿ ಮರುಪ್ರಯತ್ನಕ್ಕೂ ಹೊಸ ಸಂಖ್ಯೆ ಅಂಟಿಕೊಂಡು ಹೋಗುತ್ತದೆ, ಪಡೆಯುವವನಿಗೆ ಅದು ಹೊಚ್ಚಹೊಸ ಪತ್ರವಾಗಿ ಕಾಣುತ್ತದೆ, ವಹಿಯಿದ್ದೂ ಪ್ರಯೋಜನವಿಲ್ಲ. ಸಂಖ್ಯೆ ಬೇಡಿಕೆಯೊಂದಿಗೆ ಹುಟ್ಟಬೇಕು, ಕಳುಹಿಸುವ ಕ್ರಿಯೆಯೊಂದಿಗಲ್ಲ. ಒಂದೇ ಸಾಲನ್ನು ಲೂಪಿನ ಹೊರಗೆ ಸರಿಸಿದರೆ ಮುಗಿಯುವ ಈ ತಿದ್ದುಪಡಿಯನ್ನು ಎಷ್ಟು ಮಂದಿಯ ಕೋಡಿನಲ್ಲಿ ಮಾಡಿಸಿದ್ದೇನೆಂದು ಲೆಕ್ಕವಿಟ್ಟಿಲ್ಲ.

ಹೀಗಾಗಿ ನನ್ನ ತರಗತಿಯಲ್ಲಿ ಮೊದಲ ವಾರ ಯಾರೂ ಡಿಸೈನರ್ ತೆರೆಯುವಂತಿಲ್ಲ. ಮೂವರನ್ನು ಎದುರುಬದುರು ಕೂರಿಸುತ್ತೇನೆ: ಒಬ್ಬ ಮಾರಾಟ, ಒಬ್ಬ ಉಗ್ರಾಣ, ನಡುವಿನವನು ಅಂಚೆಯವನು. ಮಾರಾಟದವನು ಚೀಟಿಯಲ್ಲಿ ಬೇಡಿಕೆ ಬರೆದು ಕೊಡುತ್ತಾನೆ. ಅಂಚೆಯವನಿಗೆ ಮಾತ್ರ ಗುಟ್ಟಾಗಿ ಒಂದು ಅಧಿಕಾರ ಕೊಟ್ಟಿರುತ್ತೇನೆ: ಮನಸ್ಸಿಗೆ ಬಂದಾಗ ಚೀಟಿಯನ್ನು ಜೇಬಿಗೆ ಹಾಕಿಕೊಳ್ಳಬಹುದು, ನಕಲು ಬರೆದು ಎರಡು ಕೊಡಬಹುದು, ಹಿಂದಿನದನ್ನು ಮುಂದೆ ಮಾಡಬಹುದು. ಹತ್ತು ನಿಮಿಷದಲ್ಲಿ ಜಗಳ ಆರಂಭವಾಗುತ್ತದೆ. ಅರ್ಧ ಗಂಟೆಯಲ್ಲಿ, ಯಾರೂ ಹೇಳಿಕೊಡದೆಯೇ, ಮಾರಾಟದವನು ಚೀಟಿಗಳಿಗೆ ಸಂಖ್ಯೆ ಹಾಕತೊಡಗುತ್ತಾನೆ. ಉಗ್ರಾಣದವನು ಪಕ್ಕದಲ್ಲೊಂದು ಹಾಳೆಯಿಟ್ಟು ಬಂದ ಸಂಖ್ಯೆಗಳನ್ನು ಗುರುತುಹಾಕಿಕೊಳ್ಳುತ್ತಾನೆ. ‘ಏಳನೆಯದು ಬಂದಿಲ್ಲ, ಎಂಟು ಬಂದಿದೆ, ಏನು ಮಾಡಲಿ?’ ಎಂಬ ಕೂಗು ಏಳುತ್ತದೆ. ಆ ಕೂಗು ಏಳುವವರೆಗೂ ನಾನು ಬಾಯಿ ಬಿಡುವುದಿಲ್ಲ. ಏಕೆಂದರೆ ಆ ಪ್ರಶ್ನೆಗೆ ತಾಂತ್ರಿಕ ಉತ್ತರವಿಲ್ಲ. ಏಳನೆಯದು ಒಂದು ಖಾತೆಗೆ ಹಣ ತುಂಬುವ ಚೀಟಿ, ಎಂಟನೆಯದು ಅದೇ ಖಾತೆಯಿಂದ ಹಣ ತೆಗೆಯುವ ಚೀಟಿಯಾದರೆ ಕಾಯಲೇಬೇಕು. ಏಳು ಒಬ್ಬರ ವಿಳಾಸ ಬದಲಾವಣೆ, ಎಂಟು ಇನ್ನೊಬ್ಬರದ್ದಾದರೆ ಕಾಯುವುದು ಮೂರ್ಖತನ. ಉತ್ತರ ವ್ಯವಹಾರ ಬಲ್ಲವರ ಬಳಿ ಇರುತ್ತದೆ, ಹೋಗಿ ಕೇಳಬೇಕು.

ರೂಪಾಂತರದ, ಅಂದರೆ ಮ್ಯಾಪಿಂಗ್‌ನ ವಿಚಾರಕ್ಕೆ ಬರೋಣ. ಇದನ್ನು ಗೆರೆ ಎಳೆಯುವ ಕೆಲಸವೆಂದು ಕಲಿಸುತ್ತಾರೆ. ಗೆರೆಯ ಎರಡು ತುದಿಗಳಲ್ಲಿ ಒಂದೇ ಹೆಸರಿದ್ದರೆ ಅರ್ಥವೂ ಒಂದೇ ಎಂದು ನಂಬಿದವರು ಮಂಗಳ ಗ್ರಹದ ತನಕ ಹೋಗಿ ಕೆಟ್ಟಿದ್ದಾರೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಕಣ್ಮರೆಯಾದದ್ದು ಎಂಜಿನ್ ಕೆಟ್ಟದ್ದರಿಂದಲ್ಲ. ಭೂಮಿಯ ಮೇಲಿನ ಒಂದು ತಂತ್ರಾಂಶ ನೂಕುಬಲದ ಅಂಕಿಗಳನ್ನು ಪೌಂಡ್-ಬಲ ಸೆಕೆಂಡುಗಳಲ್ಲಿ ಬರೆದು ಫೈಲಿಗೆ ಹಾಕಿತ್ತು. ಅದನ್ನು ಓದಿದ ಇನ್ನೊಂದು ತಂತ್ರಾಂಶ ಅವು ನ್ಯೂಟನ್ ಸೆಕೆಂಡುಗಳೆಂದು ತಿಳಿಯಿತು. ಸುಮಾರು 4.45 ಪಟ್ಟು ವ್ಯತ್ಯಾಸ. ಫೈಲ್ ತಲುಪುತ್ತಿತ್ತು, ಕಾಲಂ ಇತ್ತು, ಅಂಕಿಯೂ ಅಂಕಿಯೇ ಆಗಿತ್ತು. ನಮ್ಮ ಕಚೇರಿಗಳಲ್ಲಿ ನೌಕೆ ಬೀಳುವುದಿಲ್ಲ. ತೆರಿಗೆ ಸೇರಿದ ಮೊತ್ತವನ್ನು ತೆರಿಗೆ ಸೇರದ ಮೊತ್ತದ ಕಾಲಂಗೆ ಎಳೆದ ಗೆರೆಯೊಂದು ಲೆಕ್ಕಪರಿಶೋಧಕರು ಬರುವವರೆಗೆ ತಣ್ಣಗೆ ಕುಳಿತಿರುತ್ತದೆ.

ಕನ್ನಡ ಓದುಗರಿಗೆ ಹತ್ತಿರದ ಇನ್ನೊಂದು ಉದಾಹರಣೆ. ಹಳೆಯ ಡೇಟಾಬೇಸಿನಲ್ಲಿ ಹೆಸರಿನ ಕಾಲಂಗೆ 20 ಬೈಟ್ ಅಳತೆ ಕೊಟ್ಟಿದ್ದಾರೆ ಎಂದುಕೊಳ್ಳಿ. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 20 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ ‘ಲಕ್ಷ್ಮಿ’ ಎಂದು ಬರೆಯಿರಿ. ಓದುವವರಿಗೆ ಎರಡೇ ಅಕ್ಷರ. ಕಂಪ್ಯೂಟರಿನ ಅಕ್ಷರಸಂಕೇತ ಪದ್ಧತಿಯಾದ ಯೂನಿಕೋಡ್ ಮಾತ್ರ ಅದನ್ನು ಲ, ಕ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ), ಷ, ವಿರಾಮ, ಮ, ಗುಡಿಸು ಎಂದು ಏಳು ಸಂಕೇತಗಳಾಗಿ ಇಡುತ್ತದೆ, ಅವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಒಟ್ಟು 21. ಎರಡಕ್ಷರದ ಹೆಸರು 20 ಬೈಟಿನ ಕಾಲಂನಲ್ಲಿ ಹಿಡಿಸದೆ, ಕೊನೆಯ ಗುಡಿಸು ನಡುವೆ ಕತ್ತರಿಸಿಹೋಗಿ, ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಚೌಕವೊಂದು ಬಂದು ಕೂರುತ್ತದೆ; ಅಥವಾ ಮುಂದಿನ ತಂತ್ರಾಂಶ ಇಡೀ ಸಂದೇಶವನ್ನೇ ತಿರಸ್ಕರಿಸುತ್ತದೆ. ಪರೀಕ್ಷೆಗೆಂದು ಬರೀ ಇಂಗ್ಲಿಷ್ ಹೆಸರುಗಳನ್ನು ಹಾಕಿ ನೋಡಿದವರಿಗೆ ಇದು ಎಂದಿಗೂ ಕಾಣುವುದಿಲ್ಲ. ಇದರ ಜೊತೆಗೆ ಖಾಲಿಯ ಗೊಂದಲವೂ ಇದೆ. ಎಕ್ಸ್‌ಎಂಎಲ್‌ನಲ್ಲಿ ಫೋನ್ ನಂಬರಿನ ಟ್ಯಾಗೇ ಇಲ್ಲದಿರುವುದು, ಟ್ಯಾಗ್ ಇದ್ದು ಒಳಗೇನೂ ಇಲ್ಲದಿರುವುದು, ‘ಮೌಲ್ಯವಿಲ್ಲ’ ಎಂದು ಗುರುತು ಹಾಕಿರುವುದು ಇವು ಮೂರೂ ಬೇರೆ ಬೇರೆ. ‘ಇದನ್ನು ಮುಟ್ಟಬೇಡ’ ಎಂದು ಹೇಳಲು ಒಬ್ಬರು ಟ್ಯಾಗನ್ನು ಬಿಟ್ಟರೆ, ಅದನ್ನು ‘ಅಳಿಸು’ ಎಂದು ಓದಿಕೊಂಡ ಇನ್ನೊಬ್ಬರು ಗ್ರಾಹಕರ ಫೋನ್ ನಂಬರುಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಒರೆಸಿಹಾಕಬಹುದು.

ವರ್ಕ್‌ಫ್ಲೋ ಎಂಬುದು ಇದಕ್ಕಿಂತ ಭಿನ್ನವಾಗುವುದು ಒಂದೇ ಕಾರಣಕ್ಕೆ: ಅದರಲ್ಲಿ ಕಾಲ ಸೇರಿಕೊಳ್ಳುತ್ತದೆ, ಮನುಷ್ಯರು ಸೇರಿಕೊಳ್ಳುತ್ತಾರೆ. ಸಂದೇಶವೊಂದು ಸೆಕೆಂಡುಗಳಲ್ಲಿ ಮುಗಿದರೆ, ಖರೀದಿಯ ಅನುಮೋದನೆಯೊಂದು ಮೂರು ಮೇಜುಗಳನ್ನು ದಾಟಲು ಮೂರು ವಾರ ಹಿಡಿಯಬಹುದು. ಅಷ್ಟು ದಿನ ಡೇಟಾಬೇಸಿನ ಸಾಲುಗಳಿಗೆ ಬೀಗ ಹಾಕಿ ಕೂರಲಾಗದು. ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಮ್ 1987ರಲ್ಲಿ ಇದಕ್ಕೆ ‘ಸಾಗಾ’ ಎಂಬ ದಾರಿಯನ್ನು ತೋರಿಸಿದರು: ದೀರ್ಘ ವ್ಯವಹಾರವನ್ನು ಸಣ್ಣ ಸಣ್ಣ ವ್ಯವಹಾರಗಳಾಗಿ ಒಡೆದು, ಪ್ರತಿಯೊಂದಕ್ಕೂ ಅದರ ಪರಿಣಾಮವನ್ನು ಸರಿದೂಗಿಸುವ ಇನ್ನೊಂದು ವ್ಯವಹಾರವನ್ನು ಮೊದಲೇ ಬರೆದಿಟ್ಟುಕೊಳ್ಳುವುದು. ಇದನ್ನು ಕಲಿಸುವವರು ಬಹಳ ಸಲ ‘ಹಿಂದಕ್ಕೆ ಹೋಗುವುದು’ ಎಂದು ವಿವರಿಸುತ್ತಾರೆ, ಅದು ತಪ್ಪು. ಹೋದ ಮಿಂಚಂಚೆ ವಾಪಸು ಬರುವುದಿಲ್ಲ. ಕಡಿತವಾದ ಹಣವನ್ನು ಮರಳಿಸಿದರೆ ಪಾಸ್‌ಬುಕ್ಕಿನಲ್ಲಿ ಎರಡು ಸಾಲುಗಳಿರುತ್ತವೆ, ಒಂದೂ ಇಲ್ಲದಂತಾಗುವುದಿಲ್ಲ. ಲೆಕ್ಕ ಬರೆಯುವವರಿಗೆ ಈ ವಿವೇಕ ಸಹಜವಾಗಿಯೇ ಇದೆ: ತಪ್ಪು ನಮೂದನ್ನು ಅವರು ಉಜ್ಜಿ ಅಳಿಸುವುದಿಲ್ಲ, ವಿರುದ್ಧ ನಮೂದು ಹಾಕುತ್ತಾರೆ.

ಕಾಯುವ ಕೆಲಸವನ್ನು ಯಂತ್ರ ಹೇಗೆ ಮಾಡುತ್ತದೆಂಬುದನ್ನೂ ಒಳಗೆ ಇಣುಕಿ ನೋಡಬೇಕು. ಬಿಜ್‌ಟಾಕ್‌ನಲ್ಲಿ ಉತ್ತರಕ್ಕಾಗಿ ಕಾಯುತ್ತಿರುವ ಪ್ರಕ್ರಿಯೆಯನ್ನು ಮೆಮೊರಿಯಿಂದ ತೆಗೆದು, ಅದರ ಸ್ಥಿತಿಯನ್ನೆಲ್ಲ ಡೇಟಾಬೇಸಿನಲ್ಲಿ ಬರೆದಿಟ್ಟು, ಉತ್ತರ ಬಂದಾಗ ಮತ್ತೆ ಎಬ್ಬಿಸುತ್ತಾರೆ. ಹಪ್ಪಳ–ಸಂಡಿಗೆಯಂತೆ ಒಣಗಿಸಿಟ್ಟು ಬೇಕಾದಾಗ ತೆಗೆಯುವ ಅರ್ಥದ ಡಿಹೈಡ್ರೇಷನ್ ಎಂಬ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ನಾಲ್ಕು ದಿನ ಬಿಟ್ಟು ಬಂದ ಉತ್ತರ ಮಲಗಿರುವ ನೂರಾರು ಪ್ರಕ್ರಿಯೆಗಳಲ್ಲಿ ಯಾವುದರದ್ದು ಎಂದು ಗುರುತಿಸಲು ಬೇಡಿಕೆ ಸಂಖ್ಯೆಯಂಥ ಕೊಂಡಿ ಬೇಕು. ಆ ಕೊಂಡಿಯನ್ನು ಸಿಕ್ಕಿಸುವ ಮೊದಲೇ ಉತ್ತರ ಬಂದುಬಿಟ್ಟರೆ? ಪರೀಕ್ಷೆಯಲ್ಲಿ ಎಂದೂ ಆಗದ ಇದು, ಎದುರು ತುದಿಗೆ ವೇಗದ ಸರ್ವರ್ ಹಾಕಿದ ದಿನ ಆಗುತ್ತದೆ.

ಇನ್ನೂ ಎರಡು ಪ್ರಶ್ನೆಗಳನ್ನು ಪಾಠಗಳು ಮುಟ್ಟುವುದೇ ಇಲ್ಲ. ಒಂದು, ಪ್ರಕ್ರಿಯೆಯ ಹೊಸ ಆವೃತ್ತಿಯನ್ನು ಹಾಕಿದಾಗ ಹಳೆಯ ಆವೃತ್ತಿಯಲ್ಲಿ ಆರಂಭವಾಗಿ ಅರ್ಧದಲ್ಲಿರುವ ಅರ್ಜಿಗಳ ಗತಿಯೇನು? ಎರಡು ಹಂತದ ಅನುಮೋದನೆಯನ್ನು ಮೂರು ಹಂತ ಮಾಡಿದರೆ, ಎರಡನೆಯ ಹಂತದಲ್ಲಿ ನಿಂತಿರುವ ಅರ್ಜಿ ಮುಗಿಯುತ್ತದೆಯೇ, ಮೂರನೆಯ ಮೇಜಿಗೆ ಹೋಗುತ್ತದೆಯೇ? ಎರಡೂ ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿ ನಡೆಸಿ, ಹಳೆಯವು ಹಳೆಯ ದಾರಿಯಲ್ಲೇ ಮುಗಿಯಲು ಬಿಡುವುದು ಹೆಚ್ಚಿನ ಸಲ ಸರಿ; ಕಾನೂನೇ ಬದಲಾದಾಗ ಅದೂ ಸರಿಯಲ್ಲ. ಇನ್ನೊಂದು, ಅನುಮೋದನೆಯನ್ನು ವ್ಯಕ್ತಿಯ ಹೆಸರಿಗೆ ಕಟ್ಟಿಹಾಕುವ ಚಾಳಿ. ಆ ವ್ಯಕ್ತಿ ಕೆಲಸ ಬಿಟ್ಟು, ಅವರ ಲಾಗಿನ್ ಮುಚ್ಚಿದ ಮೇಲೂ ಅರ್ಜಿಗಳು ಅವರ ಖಾಲಿ ಪಟ್ಟಿಗೆ ಹೋಗಿ ಬೀಳುತ್ತಲೇ ಇದ್ದದ್ದನ್ನು ನಾನು ಕಂಡಿದ್ದೇನೆ. ಯಂತ್ರದ ಲೆಕ್ಕದಲ್ಲಿ ಎಲ್ಲವೂ ‘ಪ್ರಗತಿಯಲ್ಲಿದೆ’. ಹುದ್ದೆಗೆ ಕಳುಹಿಸಬೇಕು, ಇಷ್ಟು ದಿನದಲ್ಲಿ ಯಾರೂ ಮುಟ್ಟದಿದ್ದರೆ ಮೇಲಿನವರಿಗೆ ತಿಳಿಸಬೇಕು ಎಂಬುದು ಯಾವ ಕಚೇರಿಯ ಅಧೀಕ್ಷಕರಿಗೂ ಗೊತ್ತಿರುವ ಸಂಗತಿ. ಪ್ರೋಗ್ರಾಮರರು ಅವರನ್ನು ಕೇಳುವುದಿಲ್ಲ, ಅಷ್ಟೇ. ಪ್ರಕ್ರಿಯೆಯನ್ನು ಚಿತ್ರವಾಗಿ ಬರೆಯುವ ಬಿಪಿಎಂಎನ್ ಎಂಬ ಸಂಕೇತಪದ್ಧತಿ 2013ರಲ್ಲಿ ಐಎಸ್‌ಒ ಮಾನಕವೂ ಆಗಿದೆ. ಅದರ ಎಲ್ಲ ಚಿಹ್ನೆಗಳನ್ನು ಬಾಯಿಪಾಠ ಮಾಡಿಸುವ ಬದಲು, ಆರೇಳು ಚಿಹ್ನೆಗಳಲ್ಲಿ ಬರೆದ ಚಿತ್ರವನ್ನು ಆ ಕೆಲಸ ಮಾಡುವ ಗುಮಾಸ್ತರ ಮುಂದಿಟ್ಟು ‘ಇದು ಸರಿಯೇ?’ ಎಂದು ಕೇಳುವುದನ್ನು ಕಲಿಸಿದರೆ ಸಾಕು.

ದೋಷ ಬಂದಾಗ ಏನು ಮಾಡಬೇಕೆಂಬುದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎದುರು ಸರ್ವರ್ ನಿಂತಿದ್ದರೆ ಮರುಪ್ರಯತ್ನಕ್ಕೆ ಅರ್ಥವಿದೆ, ಅದೂ ಪ್ರತಿ ಸಲ ಬಿಡುವನ್ನು ಹೆಚ್ಚಿಸುತ್ತಾ. ಎಲ್ಲರೂ ಸೆಕೆಂಡಿಗೊಮ್ಮೆ ಬಾಗಿಲು ಬಡಿದರೆ ಎದ್ದುನಿಲ್ಲಲು ಹವಣಿಸುತ್ತಿರುವ ಸರ್ವರ್ ಮತ್ತೆ ಮಲಗುತ್ತದೆ. ಆದರೆ ಫೆಬ್ರುವರಿ 30 ಎಂಬ ದಿನಾಂಕ ಹೊತ್ತು ಬಂದ ಸಂದೇಶವನ್ನು ನೂರು ಸಲ ಕಳುಹಿಸಿದರೂ ಅದು ಫೆಬ್ರುವರಿ 30 ಆಗಿಯೇ ಇರುತ್ತದೆ. ಅಂಥವನ್ನು ಬೇರೆ ಸರದಿಗೆ ತೆಗೆದಿಡುತ್ತಾರೆ, ಡೆಡ್ ಲೆಟರ್ ಕ್ಯೂ ಎಂದು ಅದಕ್ಕೆ ಹೆಸರು. ಅದನ್ನು ನಿತ್ಯ ತೆರೆದು ನೋಡುವವರು ಯಾರು ಎಂದು ಮೊದಲೇ ನಿರ್ಧಾರವಾಗಿರದಿದ್ದರೆ ಅದು ಕಸದ ಬುಟ್ಟಿಯೇ. ಲಾಗಿನಲ್ಲಿ ‘ದೋಷ ಸಂಭವಿಸಿದೆ’ ಎಂದು ಬರೆಯುವುದು ಬರೆಯದಿದ್ದಂತೆಯೇ. ‘ಬೇಡಿಕೆ ಸಂಖ್ಯೆ ಇಂಥದ್ದು, ರವಾನೆ ದಿನಾಂಕದ ಕಾಲಂ, ಬಂದ ಮೌಲ್ಯ 30-02, ತಿದ್ದಬೇಕಾದವರು ಮಾರಾಟ ವಿಭಾಗ’ ಎಂದು ಬರೆದರೆ ನಡುರಾತ್ರಿ ಫೋನ್ ಎತ್ತುವವರು ಹರಸುತ್ತಾರೆ.

ಉಪಕರಣಗಳೇ ಇದನ್ನೆಲ್ಲ ಮಾಡುತ್ತವಲ್ಲ ಎಂಬ ವಾದವನ್ನು ನಾನು ಆಗಾಗ ಕೇಳುತ್ತೇನೆ. ಅರ್ಧ ನಿಜ. ಮರುಪ್ರಯತ್ನ, ಸರದಿ, ಸ್ಥಿತಿಯ ಉಳಿಕೆ ಎಲ್ಲವನ್ನೂ ಇಂದಿನ ಉಪಕರಣಗಳು ಸಿದ್ಧವಾಗಿ ಕೊಡುತ್ತವೆ. ಅವನ್ನು ಮೊದಲಿಂದ ಬರೆಯಲು ಹೋಗುವುದು ವೃಥಾ ಶ್ರಮ. ಕಾಫ್ಕಾ 2017ರಿಂದ ‘ಸರಿಯಾಗಿ ಒಂದೇ ಸಲ’ ಎಂಬ ಭರವಸೆಯನ್ನೂ ಕೊಡುತ್ತಿದೆ. ಆದರೆ ಆ ಭರವಸೆ ಕಾಫ್ಕಾದಿಂದ ಓದಿ ಕಾಫ್ಕಾಕ್ಕೇ ಬರೆಯುವ ಮಟ್ಟಿಗೆ. ನಡುವೆ ನೀವು ಹೊರಗಿನ ಪಾವತಿ ಸೇವೆಯೊಂದನ್ನು ಕರೆದಿರೋ, ಅದರ ಹೊಣೆ ಮತ್ತೆ ನಿಮ್ಮ ಹೆಗಲಿಗೆ. ಮ್ಯಾಪಿಂಗ್ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ನಾನೂ ಬಳಸುತ್ತೇನೆ, ಚೆನ್ನಾಗಿಯೇ ಬರೆಯುತ್ತವೆ. ಹಳೆಯ ತಂತ್ರಾಂಶದಲ್ಲಿ ಸ್ಥಿತಿ ‘7’ ಎಂದರೆ ರದ್ದಾದದ್ದೋ ತಡೆಹಿಡಿದದ್ದೋ ಎಂಬುದು ಎಲ್ಲಿಯೂ ಬರೆದಿಡದ ಸಂಗತಿಯಾದ್ದರಿಂದ, ಅದು ಆ ಸಾಧನಕ್ಕೂ ಗೊತ್ತಿರುವುದಿಲ್ಲ. ಅದನ್ನು ಬಲ್ಲವರು ಸಾಮಾನ್ಯವಾಗಿ ನಿವೃತ್ತಿಗೆ ಹತ್ತಿರವಿರುವ ಒಬ್ಬರೋ ಇಬ್ಬರೋ. ಅವರ ಬಳಿ ಹೋಗಿ ಕೂರುವುದೂ ಈ ವಿದ್ಯೆಯ ಪಠ್ಯದಲ್ಲಿರಬೇಕು.

ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಡೇಟಾಬೇಸ್ ಒಂದು ಪತ್ರಿಕೆ, ನೆಟ್‌ವರ್ಕ್ ಇನ್ನೊಂದು ಪತ್ರಿಕೆ ಎಂದು ಬೇರೆ ಬೇರೆ ಕಲಿಸುತ್ತಾರೆ. ಅವೆರಡರ ನಡುವಿನ ಬಿರುಕಿನಲ್ಲೇ ನಮ್ಮ ಕೆಲಸವೆಲ್ಲ ಇರುವುದು. ಎರಡು ಡೇಟಾಬೇಸ್, ನಡುವೆ ಒಂದು ಸರದಿ, ಇಷ್ಟನ್ನು ಕಟ್ಟಿಸಿ, ಪರೀಕ್ಷಕರು ಬಂದು ಯಾವುದಾದರೊಂದು ಪ್ರೋಗ್ರಾಮನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸುವ ಪ್ರಾಯೋಗಿಕ ಪರೀಕ್ಷೆಯೊಂದನ್ನು ಇಡಲಿ. ಮತ್ತೆ ಚಾಲೂ ಮಾಡಿದಾಗ ಎರಡೂ ಕಡೆಯ ಲೆಕ್ಕ ತಾಳೆಯಾದರೆ ಅಂಕ, ಆಗದಿದ್ದರೆ ಇಲ್ಲ. ಪರದೆಯ ಮೇಲಿನ ಚಿತ್ರ ಎಷ್ಟು ಅಂದವಾಗಿದೆ ಎಂಬುದಕ್ಕೆ ಅಂಕ ಬೇಡ. ಕೆಲಸಕ್ಕೆ ಆರಿಸುವವರೂ, ಇಂಥ ಉಪಕರಣದಲ್ಲಿ ಎಷ್ಟು ವರ್ಷ ಎಂದು ಕೇಳುವ ಬದಲು, ನೀವು ಕಳೆದುಕೊಂಡ ಸಂದೇಶವೊಂದರ ಬಗ್ಗೆ ಹೇಳಿ ಎಂದು ಕೇಳಿ ನೋಡಲಿ.

ತಮ್ಮಲ್ಲೂ ಒಂದು ವಿನಂತಿ. ಈ ಕ್ಷೇತ್ರದಲ್ಲಿ ದುಡಿಯುವ ಕನ್ನಡಿಗರು ಬಹಳ ಮಂದಿಯಿದ್ದಾರೆ, ತಮ್ಮ ಅನುಭವವನ್ನು ಅವರು ಕನ್ನಡದಲ್ಲಿ ಬರೆದದ್ದು ತೀರಾ ಕಡಿಮೆ. ಪದಗಳಿಲ್ಲ ಎಂಬ ನೆಪ ನಿಲ್ಲುವುದಿಲ್ಲ. ಆವಕ, ಜಾವಕ, ವಹಿ, ನಮೂದು, ರವಾನೆ, ಸ್ವೀಕೃತಿ, ತಾಳೆ ಈ ಪದಗಳಷ್ಟರಿಂದಲೇ ಅರ್ಧ ಪಾಠವನ್ನು ಹೇಳಬಹುದು, ಉಳಿದದ್ದಕ್ಕೆ ಕ್ಯೂ, ಸ್ಕೀಮಾ, ಲಾಗ್ ಎಂಬ ಬಳಕೆಯ ಮಾತುಗಳಿವೆ. ಶಿಕ್ಷಣ ಪುಟದಲ್ಲಿ ವಾರಕ್ಕೊಂದು ಸಣ್ಣ ಅಂಕಣದ ಜಾಗ ಬಿಟ್ಟುಕೊಟ್ಟು, ತಾವು ಕಟ್ಟಿದ್ದು ಹೇಗೆ ಕೆಟ್ಟಿತು, ಹೇಗೆ ಸರಿಮಾಡಿದೆವು ಎಂದು ಬರೆಯುವಂತೆ ಅಂಥವರನ್ನು ಆಹ್ವಾನಿಸಬಾರದೇಕೆ? ಎರಡು ಸಲ ಹೊರಟ ಸರಕಿನ ಪೂರ್ತಿ ವೃತ್ತಾಂತವನ್ನು, ಆ ಮೂರು ಲಾಗ್ ಸಾಲುಗಳ ಸಮೇತ, ಮೊದಲ ಕಂತಾಗಿ ಕಳುಹಿಸಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಇಂಟಿಗ್ರೇಷನ್ ಕೆಲಸದಲ್ಲಿರುವ ಒಬ್ಬ ಓದುಗ